ಹೊಟ್ಟಿನ ಚೀಲ, ಜೋಳದ ಚೀಲ



ಈ ಉಪನ್ಯಾಸದ ಆಮಂತ್ರಣದಲ್ಲಿ ‘ಮಾಸ್ತರರ ನೆನಪಿನಲ್ಲಿ’ ಎಂದಷ್ಟೇ ಅಚ್ಚಾಗಿದೆ. ಹೆಸರು ಬಿಟ್ಟುಹೋಗಿದೆಯಲ್ಲ ಎಂದು ಇಬ್ಬರು ಬಾಗಿಲಲ್ಲೇ ನನ್ನನ್ನು ಕೇಳಿದರು. ಬಿಟ್ಟುಹೋಗಿಲ್ಲ, ಬೇಕೆಂದೇ ಬಿಟ್ಟಿದ್ದೇವೆ. ಅಭ್ಯಾಸದ ಚಿತ್ರದ ಕೆಳಗೆ ಯಾರಾದರೂ ಸಹಿ ಹಾಕಿದರೆ ಮಾಸ್ತರರು ಬ್ರೆಡ್ಡಿನ ಚೂರು ತೆಗೆದುಕೊಂಡು ಅದನ್ನು ಒರೆಸಿಬಿಡುತ್ತಿದ್ದರು. “ಇನ್ನೂ ಮನಿ ಕಟ್ಟಿಲ್ಲ, ಆಗಲೇ ಬಾಗಲಿಗೆ ಹೆಸರಿನ ಹಲಗಿ” ಎನ್ನುತ್ತಿದ್ದರು. ಅಂಥವರ ಹೆಸರಿನ ಫಲಕದ ಕೆಳಗೆ ನಿಂತು ಮಾತಾಡಲು ನನಗೆ ಧೈರ್ಯ ಸಾಲದು. ಹಾಗಾಗಿ ಈ ಹೊತ್ತು ಅವರು ಬರೀ ಮಾಸ್ತರರು.

ಉಪನ್ಯಾಸಕ್ಕೆ ವಿಷಯ ಕೇಳಿದಾಗ ‘ಫಿಗರ್ ಡ್ರಾಯಿಂಗ್ ಕಲಿತದ್ದು’ ಎಂದು ಹೇಳಿದೆ. ‘ಮಾನವಾಕೃತಿ ರೇಖನ’ ಎಂದು ಬರೆಯೋಣವೇ ಎಂದು ಕಾರ್ಯದರ್ಶಿಗಳು ಕೇಳಿದರು. ಬೇಡ ಎಂದೆ. ನಾವು ಯಾರೂ ಮಾನವಾಕೃತಿ ರೇಖನ ಕಲಿತವರಲ್ಲ. ಫಿಗರ್ ಕಲಿತವರು. “ನಿನ್ನ ಫಿಗರ್ ಹೆಂಗ ಅದ?”, “ಫಿಗರ್ ಕೆಟ್ಟೈತಿ” ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದೆವು. ಪಕ್ಕದ ಮನೆಯವರಿಗೆ ಅದು ಬೇರೆ ಅರ್ಥ ಕೊಡುತ್ತಿತ್ತು ಎಂಬುದು ಬಹಳ ದಿನದ ಮೇಲೆ ತಿಳಿಯಿತು.

ನಾನು ಮಾಸ್ತರರ ಮನೆಗೆ ಹೋಗಿದ್ದು ಸಿಟ್ಟಿನಿಂದ. 1970ರ ದಶಕ. ನಾನು ಓದುತ್ತಿದ್ದ ಕಡೆ (ಹೆಸರು ಬೇಡ, ಈಗ ಅಲ್ಲಿ ಎಲ್ಲ ಬದಲಾಗಿದೆ) ಲೈಫ್ ಕ್ಲಾಸ್ ಇದ್ದ ದಿನ ಹುಡುಗಿಯರಿಗೆ ಬೇರೆ ಕೋಣೆ. ಹುಡುಗರು ಲಂಗೋಟಿ ಉಟ್ಟ ಮಾಡೆಲ್ ಮುಂದೆ ಕೂತರೆ, ನನ್ನ ಮುಂದೆ ಒಂದು ಹಿತ್ತಾಳೆ ತಂಬಿಗೆ, ಎರಡು ಬದನೆಕಾಯಿ, ಮಡಿಕೆ ಬಿದ್ದ ಟವೆಲ್ಲು. ವರ್ಷವಿಡೀ ಅದೇ ತಂಬಿಗೆ. ಬದನೆಕಾಯಿ ಮಾತ್ರ ಬದಲಾಗುತ್ತಿದ್ದವು. ಪರೀಕ್ಷೆಯಲ್ಲಿ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಇದು ನಮ್ಮೂರಿನ ಮಡಿವಂತಿಕೆ ಎಂದುಕೊಂಡಿದ್ದೆ. ಆಮೇಲೆ ಓದುತ್ತ ಹೋದಾಗ ಇದಕ್ಕೆ ದೊಡ್ಡ ವಂಶಾವಳಿಯೇ ಇದೆ ಎಂದು ತಿಳಿಯಿತು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು: ಆಂಜೆಲಿಕಾ ಕೌಫ್‌ಮನ್, ಮೇರಿ ಮೋಸರ್. ಕೆಲವು ವರ್ಷಗಳ ಮೇಲೆ ಯೋಹಾನ್ ಜೋಫನಿ ಎಂಬಾತ ಆ ಅಕಾಡೆಮಿಯ ಸದಸ್ಯರು ಲೈಫ್ ಕ್ಲಾಸಿನಲ್ಲಿ ಸೇರಿರುವ ಚಿತ್ರ ಬರೆದ. ಗಂಡಸರೆಲ್ಲ ನಿಂತಿದ್ದಾರೆ, ಕೂತಿದ್ದಾರೆ, ಮಾಡೆಲ್ ನಿಲುವನ್ನು ಸರಿಮಾಡುತ್ತಿದ್ದಾರೆ. ಇಬ್ಬರು ಹೆಂಗಸರೆಲ್ಲಿ? ಗೋಡೆಯ ಮೇಲೆ, ಚೌಕಟ್ಟಿನೊಳಗಿನ ಭಾವಚಿತ್ರಗಳಾಗಿ. ಬೆತ್ತಲೆ ಮಾಡೆಲ್ ಇರುವ ಕೋಣೆಗೆ ಅವರು ಜೀವಸಹಿತ ಬರುವಂತಿರಲಿಲ್ಲ. ಆ ಅಕಾಡೆಮಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಮಾಡೆಲ್ ಮುಂದೆ ಕೂರಲು ಅವಕಾಶ ಸಿಕ್ಕಿದ್ದು 1893ರಲ್ಲಿ, ಅದೂ ಮಾಡೆಲ್ ಸೊಂಟಕ್ಕೆ ಬಟ್ಟೆ ಸುತ್ತಿರಬೇಕೆಂಬ ಕರಾರಿನ ಮೇಲೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಥಾಮಸ್ ಈಕಿನ್ಸ್ ಎಂಬ ದೊಡ್ಡ ಕಲಾವಿದ, ದೊಡ್ಡ ಮೇಷ್ಟ್ರು, ಹುಡುಗಿಯರಿದ್ದ ತರಗತಿಯಲ್ಲಿ ಗಂಡು ಮಾಡೆಲ್‌ನ ಕಚ್ಚೆ ತೆಗೆಸಿದ್ದಕ್ಕೆ 1886ರಲ್ಲಿ ಕೆಲಸ ಬಿಡಬೇಕಾಯಿತು. ಒಂದು ಲಂಗೋಟಿಗೆ ಎಷ್ಟು ಬೆಲೆ ನೋಡಿ. ನಾವೋ, ಶ್ರವಣಬೆಳಗೊಳದಲ್ಲಿ ಒಂದು ಸಾವಿರ ವರ್ಷದಿಂದ ಬೆತ್ತಲೆ ನಿಂತ ಗೊಮ್ಮಟನ ಪಾದಕ್ಕೆ ಹಣೆ ಹಚ್ಚಿ ಬರುವ ಜನ. ಊರಿಗೆ ಬಂದ ಮೇಲೆ ತಂಬಿಗೆ ಬದನೆಕಾಯಿ.

ಮಾಸ್ತರರು ಆಗ ನಿವೃತ್ತರಾಗಿ ಧಾರವಾಡದ ಮಾಳಮಡ್ಡಿಯ ಹಂಚಿನ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರವರೆಗೆ ಕ್ಲಾಸು ನಡೆಸುತ್ತಿದ್ದರು. ಬಹುಪಾಲು ಹುಡುಗರು ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದವರು. ನಾನು ಹೋಗಿ ನನ್ನ ದೂರು ಹೇಳಿದೆ. ಅವರು ದೂರು ಕೇಳಲಿಲ್ಲ, ಕೈ ನೋಡಿದರು. ಉಗುರಿನ ಸಂದಿಯಲ್ಲಿ ಇದ್ದಿಲು ಇರಲಿಲ್ಲ. “ನಾಳೆ ಬಾ. ಮುಂದಿನ ಡಾಂಕಿ ನಿಂದು” ಎಂದರು. ಕುದುರೆಯ ಮೇಲೆ ಕೂತಹಾಗೆ ಕಾಲು ಆ ಕಡೆ ಈ ಕಡೆ ಹಾಕಿ ಕೂರುವ, ಎದುರಿಗೆ ಬೋರ್ಡು ಆನಿಸಲು ಹಲಗೆ ಇರುವ ಬೆಂಚಿಗೆ ಕಲಾಶಾಲೆಗಳಲ್ಲಿ ಡಾಂಕಿ ಎಂದು ಹೆಸರು. ಲಂಗ ದಾವಣಿಯಲ್ಲಿ ಅದರ ಮೇಲೆ ಕೂರುವುದು ಹೇಗೆಂದು ಯೋಚಿಸುತ್ತ ಮನೆಗೆ ಬಂದೆ. ಮರುದಿನ ನೋಡಿದರೆ ಮಾಸ್ತರರ ಮನೆಯವರು (ನಾವು ಅವರಿಗೆ ಅವ್ವಾರು ಎನ್ನುತ್ತಿದ್ದೆವು) ಒಂದು ಮಣೆಯನ್ನೂ ಒಂದು ಸ್ಟೂಲನ್ನೂ ಜೋಡಿಸಿ ನನಗೆ ಬೇರೆ ಡಾಂಕಿ ಮಾಡಿಟ್ಟಿದ್ದರು.

ಮೊದಲ ನಾಲ್ಕು ತಿಂಗಳು ಮನುಷ್ಯನನ್ನು ಬರೆಯಲು ಬಿಡಲಿಲ್ಲ. ಒಂದು ಪ್ಲಾಸ್ಟರ್ ಪಾದ ಇತ್ತು. ಯಾವುದೋ ಗ್ರೀಕ್ ಶಿಲ್ಪದ ಅಚ್ಚಿನ ಅಚ್ಚಿನ ಅಚ್ಚು. ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದನ್ನು ಮಾಸ್ತರರು ಎತ್ತಿಕೊಂಡು ಬಂದಿದ್ದರು. ಆ ಶಾಲೆಯ ಜವಾನ ಪ್ರತಿ ದಸರೆಗೆ ಗೋಡೆಗೆ ಸುಣ್ಣ ಹೊಡೆಯುವಾಗ ಪಾದಕ್ಕೂ ಒಂದು ಕೈ ಹೊಡೆಯುತ್ತಿದ್ದನಂತೆ. ಇಪ್ಪತ್ತು ದಸರೆಗಳ ಸುಣ್ಣ ಕೂತು ಬೆರಳ ಸಂದಿಗಳೆಲ್ಲ ಮುಚ್ಚಿಹೋಗಿ, ಅದು ಪಾದಕ್ಕಿಂತ ಹೆಚ್ಚಾಗಿ ಕಾಲುಚೀಲದಂತೆ ಕಾಣುತ್ತಿತ್ತು. ಇದನ್ನೇನು ನೋಡಿ ಬರೆಯುವುದು ಎಂದು ಕೇಳಿದೆ. “ಒಳಗ ಪಾದ ಐತಿ. ಹುಡುಕು” ಎಂದರು. ನನ್ನದೇ ಕಾಲನ್ನು ಪಕ್ಕದಲ್ಲಿಟ್ಟುಕೊಂಡು ಹುಡುಕಿದೆ. ಒಳಗಿನ ಕೀಲುಗಂಟು ಹೊರಗಿನದಕ್ಕಿಂತ ಮೇಲಿರುತ್ತದೆ ಎಂಬುದು ಹದಿನೆಂಟು ವರ್ಷ ಎರಡು ಕಾಲಿನ ಮೇಲೆ ಓಡಾಡಿದ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಈಗಲೇ ಬಗ್ಗಿ ನೋಡಿಕೊಳ್ಳಬಹುದು, ಯಾರೂ ನಗುವುದಿಲ್ಲ.

ಇದ್ದಿಲು ಮನೆಯಲ್ಲೇ ತಯಾರಾಗುತ್ತಿತ್ತು. ತೊಗರಿ ಕಟ್ಟಿಗೆಯ ತೆಳ್ಳನೆಯ ಕಡ್ಡಿಗಳನ್ನು ಸಿಪ್ಪೆ ಸುಲಿದು, ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದ ಸುತ್ತ ಕೆಸರು ಮೆತ್ತಿ, ಬಚ್ಚಲ ಒಲೆಯ ಕೆಂಡದಲ್ಲಿ ಹೂಳಬೇಕು. ಗಾಳಿ ಹೋದರೆ ಬೂದಿ, ಹೋಗದಿದ್ದರೆ ಇದ್ದಿಲು. ರಬ್ಬರಿನ ಬದಲು ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗ. ಮೇಲಿನ ಕಂದು ಅಂಚನ್ನು ನಾವು ತಿನ್ನುತ್ತಿದ್ದೆವು.

ಮತ್ತೊಂದು ಸಾಮಾನು ಇತ್ತು. ಗೌಂಡಿಗಳ ತೂಗುಗುಂಡು. ಹಿತ್ತಾಳೆಯದು, ಕೆಳಗೆ ಚೂಪು, ಮೇಲೆ ದಾರ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಗೌಂಡಿ ಬಿಡುತ್ತಾನಲ್ಲ, ಅದೇ. ಮಾಸ್ತರರು ಅದನ್ನು ಚಾಚಿದ ಕೈಯಿಂದ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಮಾಡೆಲ್ ಮೈಯ ಮೇಲೆ ದಾರವನ್ನು ಆಡಿಸುತ್ತ ನಿಲ್ಲುತ್ತಿದ್ದರು. ಆಮೇಲೆ ನಮ್ಮ ಚಿತ್ರದ ಮೇಲೆ ಕೆಂಪು ಪೆನ್ಸಿಲ್ಲಿನಿಂದ ಮೇಲಿಂದ ಕೆಳಕ್ಕೆ ಒಂದೇ ಗೆರೆ. ಅಷ್ಟೇ ತಿದ್ದುಪಡಿ. ಕಿವಿ ಮೂಗು ತಿದ್ದಿದ್ದನ್ನು ನಾನು ಕಂಡಿಲ್ಲ. “ಮೊದಲು ನಿಂದರಲಿ. ನಿಂತವಗ ಮೂಗು ತಾನ ಬರತೈತಿ.”

ಈ ವಿದ್ಯೆ ಅವರಿಗೆ ಬಂದಿದ್ದು ಮುಂಬಯಿಯಿಂದ. ನಮ್ಮ ಉತ್ತರ ಕರ್ನಾಟಕದ ಚಿತ್ರಕಲೆಯ ಕಥೆಯನ್ನು ಎಲ್ಲಿಂದ ಶುರುಮಾಡಿದರೂ ಮುಂಬಯಿಯ ರೈಲು ಹತ್ತಲೇಬೇಕು. ಜೆ.ಜೆ. ಸ್ಕೂಲ್ ಆಫ್ ಆರ್ಟ್ 1857ರಲ್ಲಿ ಶುರುವಾದದ್ದು. ಅಲ್ಲಿ ದುಡಿದ ಮೇಷ್ಟ್ರುಗಳಲ್ಲಿ ಎಂ.ವಿ. ಧುರಂಧರರದು ದೊಡ್ಡ ಹೆಸರು. ಅವರು ವಿದ್ಯಾರ್ಥಿಯಾಗಿ, ಶಿಕ್ಷಕರಾಗಿ ಅದೇ ಕಟ್ಟಡದಲ್ಲಿ ಕಳೆದದ್ದು 41 ವರ್ಷ. ಆ ಅಂಕಿಯನ್ನೇ ತಮ್ಮ ಮರಾಠಿ ಆತ್ಮಕಥೆಯ ಹೆಸರಿನಲ್ಲಿ ಇಟ್ಟುಕೊಂಡರು. ಆದರೆ ಬಹುಕಾಲ ಅಲ್ಲಿನ ಪಾಠದ ಜೀವಾಳ ಪ್ಲಾಸ್ಟರ್ ಅಚ್ಚುಗಳು. ಜೀವಂತ ಮಾಡೆಲ್ ಮುಂದಿಟ್ಟುಕೊಂಡು ಕ್ರಮವಾಗಿ ಬರೆಯುವ ಲೈಫ್ ಕ್ಲಾಸ್ ನೆಲೆಯೂರಿದ್ದು 1919ರಲ್ಲಿ ಗ್ಲ್ಯಾಡ್‌ಸ್ಟನ್ ಸಾಲೊಮನ್ ಮುಖ್ಯಸ್ಥರಾಗಿ ಬಂದ ಮೇಲೆ. ಅವರು ಕಲಿತದ್ದು ನಾನು ಈಗ ಹೇಳಿದೆನಲ್ಲ, ಅದೇ ರಾಯಲ್ ಅಕಾಡೆಮಿಯ ಶಾಲೆಯಲ್ಲಿ.

ಜೆ.ಜೆ.ಗೆ ಸೇರುವ ಮೊದಲು ಕೈ ಪಳಗಿಸಿಕೊಳ್ಳಲು ನಮ್ಮ ಹುಡುಗರಿಗೆ ಮುಂಬಯಿಯಲ್ಲೇ ಒಂದು ಆಸರೆ ಇತ್ತು: ಜಿ.ಎಸ್. ದಂಡಾವತಿಮಠ ಅವರ ನೂತನ ಕಲಾ ಮಂದಿರ. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರೂ ಕಲಬುರ್ಗಿಯ ಎಸ್.ಎಂ. ಪಂಡಿತರೂ ಆ ಹೊಸ್ತಿಲು ದಾಟಿದವರೇ. ಹಾಗೆ ಕಲಿತವರಲ್ಲಿ ಕೆಲವರು ಊರಿಗೆ ಮರಳಿದರು. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಶಾಲೆ ತೆರೆದರು. ಅವರ ಬಗ್ಗೆ ಗ್ರಂಥಗಳಿವೆ. ನಮ್ಮ ಮಾಸ್ತರರಂಥವರು ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಅವರ ಬಗ್ಗೆ ಇರುವುದು ಹಾಜರಿ ಪುಸ್ತಕ ಮಾತ್ರ.

ಮೊದಲು ನೆಟ್ಟ ಗೆರೆಗಳಲ್ಲಿ ಆಕಾರದ ಹೊರಬೇಲಿ ಹಾಕಿಕೊಳ್ಳುವುದು, ಆಮೇಲೆ ನೆರಳಿನ ಗಡಿ ಗುರುತಿಸುವುದು, ಕೊನೆಗೆ ನೆರಳು ತುಂಬುವುದು, ಇದು ಮಾಸ್ತರರ ಕ್ರಮ. ಇದರ ಅತ್ಯಂತ ಶಿಸ್ತಿನ ರೂಪವನ್ನು ಫ್ರಾನ್ಸಿನ ಚಾರ್ಲ್ಸ್ ಬಾರ್ಗ್ ಎಂಬಾತ, ಜೆರೋಮ್ ಎಂಬ ಹೆಸರಾಂತ ಕಲಾವಿದನ ಜೊತೆ ಸೇರಿ, 1860ರ ದಶಕದ ಕೊನೆಯಿಂದ 197 ಶಿಲಾಮುದ್ರಣದ ಹಾಳೆಗಳಾಗಿ ಹೊರತಂದ. ಮೊದಲು ಅಚ್ಚುಗಳು, ನಂತರ ಹಿರಿಯರ ಚಿತ್ರಗಳು, ಕೊನೆಯ 60 ಹಾಳೆಗಳಲ್ಲಿ ನಗ್ನ ದೇಹ. ಬೆಲ್ಜಿಯಂನ ಕಲ್ಲಿದ್ದಲ ಗಣಿಯ ಊರೊಂದರಲ್ಲಿ, ಧರ್ಮಪ್ರಚಾರದ ಕೆಲಸ ಕಳೆದುಕೊಂಡು, ಮುಂದೇನು ಎಂದು ತಿಳಿಯದೆ ಕೂತಿದ್ದ 27 ವರ್ಷದ ವಿನ್ಸೆಂಟ್ ವ್ಯಾನ್ ಗೋ 1880ರಲ್ಲಿ ಇವೇ ಹಾಳೆಗಳನ್ನು ತರಿಸಿಕೊಂಡು ಹಟ ಹಿಡಿದು ನಕಲು ಮಾಡಿದ. ‘ರೂಲ್ಸ್ ಕಲಿತರೆ ಸ್ವಂತಿಕೆ ಹೋಗುತ್ತೆ ಮೇಡಂ’ ಎನ್ನುವ ವಿದ್ಯಾರ್ಥಿಗಳಿಗೆ ನಾನು ವ್ಯಾನ್ ಗೋನನ್ನು ಮುಂದಿಡುತ್ತೇನೆ. ಅವರು ನಂಬುವುದಿಲ್ಲ. ಇರಲಿ.

ಆದರೆ ಸ್ವಂತಿಕೆಯ ಪ್ರಶ್ನೆಗಿಂತ ಗಟ್ಟಿಯಾದ ಪ್ರಶ್ನೆಯನ್ನು ನಮ್ಮವರೇ ಎತ್ತಿದ್ದರು. ಈ ದೇಹಶಾಸ್ತ್ರ, ಈ ಅಳತೆ ಎಲ್ಲ ಪರದೇಶದ್ದು. ನಮ್ಮ ಶಿಲ್ಪಿ ಮಾಡೆಲ್ ನಿಲ್ಲಿಸಿಕೊಂಡು ಕೆತ್ತಿದನೇನು? ಅವನೀಂದ್ರನಾಥ ಟಾಗೋರರು 1914ರಲ್ಲಿ ಭಾರತೀಯ ಕಲೆಯ ಅಂಗರಚನೆಯ ಬಗ್ಗೆ ಒಂದು ಪುಟ್ಟ ಪುಸ್ತಕ ತಂದರು. ಅದರ ರೇಖಾಚಿತ್ರಗಳನ್ನು ಮಾಡಿಕೊಟ್ಟವರು ಅವರ ಇಬ್ಬರು ಶಿಷ್ಯರು. ಒಬ್ಬರು ನಂದಲಾಲ್ ಬೋಸ್; ಇನ್ನೊಬ್ಬರು ಮೈಸೂರಿನಿಂದ ಕಲಕತ್ತೆಗೆ ಹೋಗಿದ್ದ ನಮ್ಮ ಕೆ. ವೆಂಕಟಪ್ಪ. ಅದರಲ್ಲಿ ಭುಜ ಆನೆಯ ತಲೆಯಂತೆ, ಗದ್ದ ಮಾವಿನ ಓಟೆಯಂತೆ, ಮುಂಡ ಹಸುವಿನ ಮುಖದಂತೆ, ಮೊಣಕಾಲು ಏಡಿಯ ಚಿಪ್ಪಿನಂತೆ, ಮೀನಖಂಡ ಮೊಟ್ಟೆ ತುಂಬಿದ ಮೀನಿನಂತೆ. ‘ಮೀನಖಂಡ’ ಎಂಬ ಮಾತು ನಮ್ಮಲ್ಲಿ ಆಡುಮಾತಾಗಿಯೇ ಉಳಿದಿದೆ, ನೋಡಿ. ಮೀನು ನಮ್ಮ ಕಾಲಿನಲ್ಲೇ ಇದೆ, ನಾವು ಮರೆತಿದ್ದೇವೆ.

ಈ ಪುಸ್ತಕ ಓದಿಕೊಂಡು ಹೋಗಿ ನಾನು ಮಾಸ್ತರರ ಜೊತೆ ವಾದಕ್ಕೆ ನಿಂತೆ. ಅವರು ಪುಸ್ತಕವನ್ನು ಎರಡು ದಿನ ಇಟ್ಟುಕೊಂಡು ಓದಿ ಹಿಂದಿರುಗಿಸಿದರು. ಸಿಟ್ಟು ಮಾಡಲಿಲ್ಲ. “ಭಾಳ ಚಂದ ನೋಡ್ಯಾರ. ಏಡಿ ಚಿಪ್ಪು ನೋಡಿದವಗ ಮಣಕಾಲು ತಿಳೀತೈತಿ. ಆದ್ರ ತಂಗಿ, ಏಡಿಗೆ ಎಂಟು ಹತ್ತು ಕಾಲು. ಮನಿಷ್ಯಾ ಎರಡರ ಮ್ಯಾಲ ನಿಂದ್ರಬೇಕು. ಅದನ್ನ ಯಾರು ಹೇಳಿಕೊಡವರು?” ನನ್ನ ವಾದ ಅಲ್ಲಿಗೆ ನಿಂತಿತು. ಆದರೆ ಪೂರ್ತಿ ಸೋತೆ ಎಂದು ಈಗಲೂ ಒಪ್ಪುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಎರಡು ಕಾಲಿನ ಮೇಲೆ ನಿಲ್ಲುವುದು ಎಂದರೇನು? ಮಾಸ್ತರರ ಪಾಠದ ತಿರುಳು ಇದೊಂದೇ. ಮನುಷ್ಯ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿ ನಿಲ್ಲುವುದು ಅಪರೂಪ, ಎನ್.ಸಿ.ಸಿ. ಪರೇಡಿನಲ್ಲಿ ಬಿಟ್ಟರೆ. ಬಸ್ಸಿಗೆ ಕಾಯುವವಳು, ಗೂಡಂಗಡಿ ಮುಂದೆ ಎಲೆ ಹಾಕಿಕೊಳ್ಳುವವನು ಎಲ್ಲರೂ ಒಂದೇ ಕಾಲಿನ ಮೇಲೆ ನಿಂತಿರುತ್ತಾರೆ. ಇನ್ನೊಂದು ಕಾಲು ಜೊತೆಗೆ ಬಂದ ನೆಂಟ. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲಕ್ಕೇರುತ್ತದೆ. ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಗಂಟಲ ಕುಳಿಯಿಂದ ತೂಗುಗುಂಡು ಬಿಟ್ಟರೆ ಅದು ಭಾರ ಹೊತ್ತ ಪಾದದ ಕೀಲಿನ ಹತ್ತಿರ ಬಂದು ಇಳಿಯಬೇಕು. ಇಳಿಯದಿದ್ದರೆ ಆ ಮನುಷ್ಯ ಬೀಳುತ್ತಿದ್ದಾನೆ, ಇಲ್ಲವೇ ನಡೆಯುತ್ತಿದ್ದಾನೆ, ಇಲ್ಲವೇ ನೀನು ತಪ್ಪು ಬರೆದಿದ್ದೀ. ಗ್ರೀಸಿನ ಪಾಲಿಕ್ಲೀಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ತನ್ನ ಭರ್ಜಿ ಹಿಡಿದವನನ್ನು ಹೀಗೆ ನಿಲ್ಲಿಸಿದ್ದ.

ಅಳತೆಗೆ ತಲೆಯೇ ಮಾನದಂಡ. ಕೈ ನೀಡಿ, ಪೆನ್ಸಿಲ್ ಹಿಡಿದು, ತುದಿಯಿಂದ ಹೆಬ್ಬೆರಳಿನವರೆಗೆ ತಲೆಯ ಉದ್ದ ಹಿಡಿದುಕೊಂಡು ಕೆಳಕ್ಕೆ ಎಣಿಸುತ್ತ ಹೋಗುವುದು. ಪುಸ್ತಕದಲ್ಲಿ ಎಂಟು ತಲೆ. ಧಾರವಾಡದಲ್ಲಿ ಏಳೂವರೆ, ಕೆಲವೊಮ್ಮೆ ಏಳು. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದಕ್ಕೆ ತಾಲ ಎನ್ನುತ್ತಾರೆ. ಒಂದು ತಾಲಕ್ಕೆ 12 ಅಂಗುಲ, ಒಂಬತ್ತು ತಾಲಕ್ಕೆ 108. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಗಂಡಸರನ್ನು ಐದು ಬಗೆ ಮಾಡಿ ಹಂಸನಿಗೆ ಇದೇ 108 ಅಂಗುಲ ಕೊಡುತ್ತದೆ, ಶಶನಿಗೆ 90. ದೇಹ ತಿರುಗಿದಾಗ ಯಾವುದು ಕುಗ್ಗಿ ಯಾವುದು ಹಿಗ್ಗಿ ಕಾಣುತ್ತದೆ ಎಂಬುದಕ್ಕೂ ಅಲ್ಲಿ ಹೆಸರಿದೆ: ಕ್ಷಯವೃದ್ಧಿ. ಅಳತೆ ಪರದೇಶದ್ದು ಎನ್ನುವವರಿಗೆ ಇಷ್ಟು ಸಾಕು.

ಒಮ್ಮೆ ಮಾಸ್ತರರು ನಮ್ಮನ್ನು ಬೇಲೂರಿಗೆ ಕರೆದುಕೊಂಡು ಹೋದರು. ಜೇಬಿನಲ್ಲಿ ತೂಗುಗುಂಡು. ಮದನಿಕೆಯರ ಎದುರು ನಿಂತು ಕೈ ಎತ್ತಿ ದಾರ ಇಳಿಬಿಟ್ಟಾಗ ಕಾವಲಿನವನು ಏನೋ ಮಾಟ ಮಾಡಿಸುತ್ತಿದ್ದಾರೆಂದು ಹತ್ತಿರ ಬಂದ. ಬಹಳ ಹೊತ್ತು ನೋಡಿದರು. ಕೆಲವರ ಗಂಟಲ ಕುಳಿ ಪಾದಕ್ಕೆ ಇಳಿಯಿತು. ಕೆಲವರದು ಎಲ್ಲೋ ಆಚೆ, ಗಾಳಿಗೆ ಬಿತ್ತು. “ಇವು ನಿಂದ್ರೂದಿಲ್ಲ ಸರ್, ಬೀಳತಾವ” ಎಂದ ನಮ್ಮ ಜೊತೆಗಾರ. ಮಾಸ್ತರರು ದಾರ ಸುತ್ತಿಕೊಳ್ಳುತ್ತ, “ಬೀಳಾಕತ್ತಿಲ್ಲೋ, ಕುಣಿಯಾಕತ್ತಾವ. ಮುಂದಿನ ತಾಳಕ್ಕ ಕಾಲು ಬರತೈತಿ” ಎಂದರು.

ಈಗ ಕಾಕಾನ ವಿಷಯ. ಉಪನ್ಯಾಸದ ಹೆಸರಿಗೆ ಕಾರಣರಾದವರು.

ಪೇಟೆಯಲ್ಲಿ ಅಡತಿ ಅಂಗಡಿಯ ಹಮಾಲರು ಅವರು. ಐವತ್ತು ದಾಟಿತ್ತು. ಕೆಲಸವಿಲ್ಲದ ಬೆಳಿಗ್ಗೆಗಳಲ್ಲಿ ಮಾಸ್ತರರ ಮನೆಗೆ ಬಂದು ಮಾಡೆಲ್ ಆಗಿ ನಿಲ್ಲುತ್ತಿದ್ದರು. ಮಾಸ್ತರರು ಕೂಲಿಯನ್ನು ಕ್ಲಾಸಿಗೆ ಮುಂಚೆಯೇ ಕೈಗೆ ಕೊಡುತ್ತಿದ್ದರು, ಆಮೇಲೆ ಅವ್ವಾರು ಚಹಾ ಕೊಡುತ್ತಿದ್ದರು. ಚಲ್ಲಣ ಉಟ್ಟು ಮೇಲೆ ಬರಿಮೈ. ನಮಗೆ ಅವರು ಕಾಕಾ. ಅಷ್ಟೊಂದು ಸ್ಪಷ್ಟವಾದ ಬೆನ್ನನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ. ಕುತ್ತಿಗೆಯ ಬುಡದಲ್ಲಿ, ಚೀಲ ಕೂರುವ ಜಾಗದಲ್ಲಿ, ಎತ್ತಿನ ಹೆಗಲಿನ ಹಾಗೆ ಚರ್ಮ ದಪ್ಪಗಟ್ಟಿ ಒಂದು ದಿಂಬು ಬೆಳೆದಿತ್ತು. ಯಾವ ಅಂಗರಚನೆಯ ಪುಸ್ತಕದಲ್ಲೂ ಆ ಭಾಗ ಇಲ್ಲ.

ಒಂದು ಸಲ ಮಾಸ್ತರರು ‘ಚೀಲ ಹೊತ್ತವನು’ ಎಂಬ ಭಂಗಿ ಇಟ್ಟರು. ಮೂರು ದಿನದ ಪೋಸು. ಎರಡು ತಾಸು ಕ್ವಿಂಟಲ್ ಹೊರಿಸಿ ನಿಲ್ಲಿಸುವುದು ಸಾಧ್ಯವೇ? ಗೋಣಿಚೀಲಕ್ಕೆ ಹೊಟ್ಟು ತುಂಬಿಸಿ ಹೊಲಿದು ಕೊಟ್ಟರು. ಕಾಕಾ ಅದನ್ನು ಬೆನ್ನಿಗೆ ಹಾಕಿಕೊಂಡು ಬಾಗಿ, ಒಂದು ಕಾಲು ಮುಂದಿಟ್ಟು, ಕೈಯೆರಡನ್ನೂ ಮೇಲೆತ್ತಿ ಚೀಲದ ಕಿವಿ ಹಿಡಿದು ನಿಂತರು. ನಾನು ಆ ಮೂರು ದಿನ ಉಸಿರು ಬಿಗಿಹಿಡಿದು ಬರೆದೆ. ಹೊರಬೇಲಿ, ನೆರಳು, ಪಕ್ಕೆಲುಬು, ಕುತ್ತಿಗೆಯ ದಿಂಬು, ಗೋಣಿಯ ನೇಯ್ಗೆ. ಸಹಿ ಹಾಕಬೇಕೆನ್ನಿಸುವಷ್ಟು ಚೆನ್ನಾಗಿತ್ತು. ಮಾಸ್ತರರೂ ನೋಡಿ ತಲೆದೂಗಿದರು.

ಕೊನೆಯ ದಿನ ಕಾಕಾ ಅಂಗಿ ತೊಟ್ಟುಕೊಳ್ಳುತ್ತ ನನ್ನ ಬೋರ್ಡಿನ ಮುಂದೆ ಬಂದು ನಿಂತರು. ಅದುವರೆಗೆ ಒಮ್ಮೆಯೂ ಅವರು ನಮ್ಮ ಚಿತ್ರ ನೋಡಿರಲಿಲ್ಲ, ನಾವೂ ತೋರಿಸಿರಲಿಲ್ಲ. ಅದು ನಮ್ಮ ತಪ್ಪು. ಬಹಳ ಹೊತ್ತು ನೋಡಿ, “ತಂಗೆವ್ವಾ, ಚಂದ ಆಗೇತಿ. ಆದ್ರ ಹೊಟ್ಟಿನ ಚೀಲಕ್ಕ ಹೊಟ್ಟಿನ ಮನಿಷ್ಯಾನ್ನ ಬರದಿ” ಎಂದರು.

ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. “ಯಾಕ ಕಾಕಾ? ಹೇಳ್ರಿ” ಎಂದು ಹತ್ತಿರ ಬಂದರು.

ಕಾಕಾ ಚಿತ್ರದ ಎಡಗಾಲಿನ ಮೇಲೆ ಬೆರಳಿಟ್ಟರು. “ಈ ಕಾಲು ಇಷ್ಟು ಮುಂದ ಯಾಕ ಬಂತು? ಚೀಲದಾಗ ಏನೂ ಇರಲಿಲ್ಲ. ನಾ ಸುಮ್ಮನ ಬಾಗಿದ್ದೆ. ಮುಂದ ಬೀಳಬಾರದಂತ ಕಾಲು ಕೊಟ್ಟಿದ್ದೆ. ಜೋಳ ಇದ್ರ ಚೀಲನ ನನ್ನ ಹಿಂದಕ ಜಗ್ಗಿ ಹಿಡದಿರತೈತಿ. ಆಗ ಕಾಲು ಮೈಯ ಬುಡಕ್ಕ ಇರತೈತಿ, ಮಾಸ್ತರ್ರ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮಾಸ್ತರರಿಗೆ ಬೇಕಾಗಲಿಲ್ಲ. ಅವರು ಗುಂಡು ತೆಗೆದು ನನ್ನ ಚಿತ್ರದ ಮುಂದೆ ಹಿಡಿದರು. ಗಂಟಲ ಕುಳಿಯಿಂದ ಇಳಿದ ದಾರ ಸರಿಯಾಗಿ ಎಡಗಾಲಿನ ಮೇಲೆ ಬಂದಿತ್ತು. ನಿಯಮ ನೂರಕ್ಕೆ ನೂರು ಪಾಲನೆಯಾಗಿತ್ತು. ಅದೇ ತಪ್ಪು. ಬೆನ್ನ ಮೇಲೆ ನಿಜವಾದ ಭಾರ ಇದ್ದವನ ಗಂಟಲ ಕುಳಿ ಪಾದದ ಮೇಲೆ ಇಳಿಯಲು ಸಾಧ್ಯವಿಲ್ಲ. ಪಾದ ದಾಟಿ ಮುಂದೆ ಬೀಳಬೇಕು. ಪಾದದ ಮೇಲೆ ಇಳಿಯುವುದು ಮನುಷ್ಯನ ಭಾರವೂ ಅಲ್ಲ, ಚೀಲದ ಭಾರವೂ ಅಲ್ಲ, ಎರಡೂ ಕೂಡಿದ್ದು.

ಮಾಸ್ತರರು ಗುಂಡನ್ನು ಕೈಯಲ್ಲಿ ಸುತ್ತಿಕೊಂಡರು. ನಮ್ಮೆಲ್ಲರ ಎದುರಿಗೇ ಹೇಳಿದರು: “ಈ ಹುಡುಗಿ ಸುಳ್ಳು ಬರದಿಲ್ಲ. ಇದ್ದದ್ದನ್ನ ಬರದಾಳ. ಸುಳ್ಳು ಚೀಲ ಹೊರಿಸಿದವ ನಾನು. ಮೂವತ್ತು ವರ್ಷದಿಂದ ಹೊರಿಸಾಕತ್ತೇನಿ.”

ಮರುದಿನ ಒಳಗಿನಿಂದ ಜೋಳದ ಚೀಲ ಬಂತು, ಮನೆಯವರು ವರ್ಷಕ್ಕೆಂದು ಕೂಡಿಟ್ಟದ್ದು. ಒಂದು ಕಾಳು ಚೆಲ್ಲಿದರೂ ನೋಡಿಕೊಳ್ಳುತ್ತೇನೆ ಎಂದು ಅವ್ವಾರು ಬಾಗಿಲಲ್ಲಿ ನಿಂತರು. ಎಷ್ಟು ತುಂಬಬೇಕು ಎಂದು ಮಾಸ್ತರರು ಕಾಕಾನನ್ನೇ ಕೇಳಿದರು. ಅರ್ಧ ಸಾಕು ಎಂದರು ಕಾಕಾ. ಹೊತ್ತು ನಡೆಯುವುದು ಸಲೀಸು, ಹೊತ್ತು ನಿಲ್ಲುವುದೇ ಕಷ್ಟವಂತೆ. ಒಂದೊಂದು ನಿಮಿಷದ ಪೋಸು. ಕಾಕಾ ‘ಹೂಂ’ ಎಂದರೆ ಇಳಿಸಬೇಕು, ನಮ್ಮ ಗೆರೆ ಎಲ್ಲಿದ್ದರೂ ಸರಿ. ಚೀಲ ಇಳಿಸಲು ಇಬ್ಬರು ಹುಡುಗರು ಅಕ್ಕಪಕ್ಕ.

ಚೀಲ ಬೆನ್ನೇರಿದ ಕ್ಷಣ ನಾವು ಮೂರು ದಿನ ನೋಡಿದ ಮನುಷ್ಯ ಅಲ್ಲಿರಲಿಲ್ಲ. ಮೊದಲು ಬದಲಾದದ್ದು ಬೆನ್ನಲ್ಲ, ಕಾಲ್ಬೆರಳು. ಹತ್ತೂ ಬೆರಳು ಅಗಲವಾಗಿ ಬಿಚ್ಚಿ ಗಾರೆ ನೆಲವನ್ನು ಹಿಡಿದವು. ಮೀನಖಂಡ ಗಟ್ಟಿಯಾಗಿ ಮೇಲೇರಿತು. ಮೊಣಕಾಲು ಚೂರು ಮಡಿಚಿತು. ಹೊಟ್ಟೆ ಒಳಕ್ಕೆ ಹೋಯಿತು. ಕತ್ತು ಮುಂದೆ ಚಾಚಿ, ಕಣ್ಣು ಮಾತ್ರ ಮೇಲೆತ್ತಿ ದಾರಿ ನೋಡುತ್ತಿತ್ತು. ಮುಖದಲ್ಲಿ ಸಂಕಟ ಇರಲಿಲ್ಲ. ನನ್ನ ಹಳೆಯ ಚಿತ್ರದಲ್ಲಿ ಹುಬ್ಬು ಗಂಟಿಕ್ಕಿ ಬಹಳ ಸಂಕಟ ಹಾಕಿದ್ದೆ. ನಿಜವಾದ ಭಾರ ಹೊತ್ತವನಿಗೆ ಮುಖ ಗಂಟಿಕ್ಕಲು ಪುರಸೊತ್ತಿಲ್ಲ.

ಒಂದು ನಿಮಿಷದಲ್ಲಿ ಪಕ್ಕೆಲುಬು ಎಣಿಸಲಾಗುವುದಿಲ್ಲ. ಕೈ ತಾನೇ ಓಡಿತು. ಆರೋ ಏಳೋ ಗೆರೆ. ಹಾಗೆ ಐದು ಸಲ.

ಆಗಲೇ ಹೆಸರಿಸಿದ ಹೆಬ್ಬಾರರ ಮಾತಿಗೆ ಬರುತ್ತೇನೆ. ಅವರೂ ಇದೇ ಪಡಸಾಲೆಯ ಪಾಠವನ್ನು, ಇನ್ನೂ ದೊಡ್ಡ ಪಡಸಾಲೆಯಲ್ಲಿ ಕಲಿತವರು. ಜೆ.ಜೆ.ಯಲ್ಲಿ ಕಲಿತು, ಅಲ್ಲೇ ಕಲಿಸಿ, ಪ್ಯಾರಿಸ್ಸಿಗೂ ಹೋಗಿಬಂದರು. ಆಮೇಲೆ ರೇಖಾಚಿತ್ರಗಳಲ್ಲಿ ನೆರಳನ್ನೆಲ್ಲ ಬಿಟ್ಟು ಬರೀ ಗೆರೆಗೆ ಇಳಿದರು. ನಾಲ್ಕಾರು ಗೆರೆಯಲ್ಲಿ ಒಬ್ಬ ನರ್ತಕಿ ಏಳುತ್ತಾಳೆ. ‘ಹಾಡುವ ರೇಖೆ’ ಎಂಬ ಅರ್ಥದ ಹೆಸರಿನಲ್ಲಿ ಅವರ ರೇಖಾಚಿತ್ರಗಳ ಪುಸ್ತಕವೇ ಬಂತು. ಅದು ಬರೀ ಕೈಚಳಕ ಎಂದುಕೊಂಡಿದ್ದೆ. ಹೆಬ್ಬಾರರು ಗುರುಗಳ ಬಳಿ ಕಥಕ್ ಕಲಿತಿದ್ದರು ಎಂದು ತಿಳಿದಾಗ ನನಗೆ ಕಾಕಾನ ಕಾಲ್ಬೆರಳು ನೆನಪಾದವು. ಚಿತ್ರಕಾರ, ಗೆಜ್ಜೆ ಕಟ್ಟಿಕೊಂಡು, ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತನ್ನ ಕಾಲಿನಲ್ಲೇ ನೋಡಿಕೊಂಡರು. ಚಿತ್ರಸೂತ್ರದಲ್ಲಿ ರಾಜ ವಜ್ರ ಮೂರ್ತಿಲಕ್ಷಣ ಹೇಳಿಕೊಡು ಎಂದರೆ ಮಾರ್ಕಂಡೇಯ, ಚಿತ್ರ ತಿಳಿಯದವನಿಗೆ ಅದು ತಿಳಿಯದು, ನೃತ್ಯ ತಿಳಿಯದವನಿಗೆ ಚಿತ್ರ ತಿಳಿಯದು ಎಂದು ಹಿಂದೆ ಹಿಂದೆ ಕರೆದೊಯ್ಯುತ್ತಾನೆ. ಆ ದಾರಿ ವಾದ್ಯಕ್ಕೂ ಹಾಡಿಗೂ ಹೋಗಿ ಮುಟ್ಟುತ್ತದೆ. ಅದನ್ನು ಅಲಂಕಾರದ ಮಾತು ಎಂದು ಬಹುಕಾಲ ತಳ್ಳಿಹಾಕಿದ್ದೆ. ಅದು ಕಟ್ಟುನಿಟ್ಟಾದ ಕಸುಬಿನ ಮಾತು. ಮಾಸ್ತರರ ಜೊತೆಗಿನ ವಾದದಲ್ಲಿ ನಾನು ಪೂರ್ತಿ ಸೋಲಲಿಲ್ಲ ಎಂದೆನಲ್ಲ, ಅದು ಇದಕ್ಕೆ. ನಿಲ್ಲುವುದನ್ನು ಹೇಳಿಕೊಡುವವರು ನಮ್ಮ ಪರಂಪರೆಯಲ್ಲೂ ಇದ್ದರು. ಅವರು ಕುಣಿತದ ಮನೆಯಲ್ಲಿದ್ದರು, ಚಿತ್ರದ ಮನೆಯಲ್ಲಿ ನಾವು ಹುಡುಕುತ್ತಿದ್ದೆವು.

ಮಾಸ್ತರರನ್ನು ದೇವರು ಮಾಡಲು ನಾನು ಇಲ್ಲಿಗೆ ಬಂದಿಲ್ಲ. ಅವರ ಸ್ವಂತ ಪೇಂಟಿಂಗುಗಳು ಸಪ್ಪೆ. ಹೇಳಲು ಕಷ್ಟವಾಗುತ್ತದೆ, ಆದರೆ ಹೌದು. ಅಳೆದು ಅಳೆದು ಮಾಡಿದ ಶಿವ ಪಾರ್ವತಿಯರು ಫೋಟೋ ಸ್ಟುಡಿಯೋದಲ್ಲಿ ಕೂತ ನವದಂಪತಿಗಳ ಹಾಗಿರುತ್ತಿದ್ದರು. ಹೊಸ ಕಲೆಯ ಬಗ್ಗೆ ಅವರಿಗೆ ಇದ್ದದ್ದು ತಾತ್ಸಾರ, ಓದಿ ಬಂದದ್ದಲ್ಲ, ಓದದೆ ಬಂದದ್ದು. ಕಲಿಸುವ ಪ್ರತಿಭೆ ಬೇರೆ, ಮಾಡುವ ಪ್ರತಿಭೆ ಬೇರೆ; ನಮ್ಮ ಸನ್ಮಾನಗಳೆಲ್ಲ ಎರಡನೆಯದಕ್ಕೇ ಹೋಗುತ್ತವೆ.

ಈಗಿನ ಮಕ್ಕಳು ಮೊಬೈಲಿನ ಫೋಟೋ ನೋಡಿ ಫಿಗರ್ ಬರೆಯುತ್ತಾರೆ. ನಾನು ಬೈಯುವುದಿಲ್ಲ. ಮಾಡೆಲ್‌ಗೆ ಕೊಡಲು ಎಲ್ಲರ ಹತ್ತಿರ ದುಡ್ಡಿರುವುದಿಲ್ಲ. ಆದರೆ ಒಂದು ವಿಷಯ ಗಮನಿಸಿದ್ದೇನೆ. ಫೋಟೋದವನು ಸುಸ್ತಾಗುವುದಿಲ್ಲ. ಕಾಕಾ ಇಪ್ಪತ್ತು ನಿಮಿಷ ನಿಂತರೆ ಸೊಂಟ ಒಂದು ಬೆರಳಿನಷ್ಟು ಕುಸಿಯುತ್ತಿತ್ತು, ನಾವು ಹಾಕಿದ ಗೆರೆಯನ್ನು ಅಳಿಸಿ ಮತ್ತೆ ಹಾಕಬೇಕಾಗುತ್ತಿತ್ತು. ಹಾಗೆ ಅಳಿಸಿ ಬರೆಯುವುದರಲ್ಲೇ ಕಲಿತೆವು. ದುಡ್ಡಿಲ್ಲದವರಿಗೆ ಬಸ್ ನಿಲ್ದಾಣ ಇದೆ, ಸಂತೆ ಇದೆ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ, ಆಕೆ ನೆಲದಿಂದ ಏಳುವಾಗ ಯಾವ ಕೈ ಮೊದಲು ಊರುತ್ತಾಳೆ, ಯಾವಾಗ ಭಾರ ಕೈಯಿಂದ ಮೊಣಕಾಲಿಗೆ ಹೋಗುತ್ತದೆ, ನೋಡಿ ಬರೆಯಿರಿ. ಬರೆದ ಮೇಲೆ ಆಕೆಗೆ ತೋರಿಸಿ. ಅಜ್ಜಿ ತಪ್ಪು ಹಿಡಿಯುತ್ತಾಳೆ.

ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಒಂದು ಮಾತು ಹೇಳಿ ಇಳಿಯುತ್ತೇನೆ.

ಒಂದು ನಿಮಿಷದ ಆ ಐದು ಚಿತ್ರಗಳಲ್ಲಿ ಮೂರನೆಯದು ಚೆನ್ನಾಗಿ ಬಂದಿತ್ತು. ಕಾಕಾ ಚಹಾ ಕುಡಿಯುತ್ತ ಅದನ್ನು ನೋಡಿ, “ಇದು ನಾನ” ಎಂದರು. ಒಯ್ಯಲೇ ಎಂದು ಕೇಳಿದರು. ನಾನು ಮಾಸ್ತರರ ಮುಖ ನೋಡಿದೆ. ಪರೀಕ್ಷೆಗೆ ಇಡುವಂಥ ಚಿತ್ರ ಅದು. “ಅವರದ ಬೆನ್ನು, ಅವರದ ಚಿತ್ರ” ಎಂದರು ಮಾಸ್ತರರು. ಸುರುಳಿ ಸುತ್ತಿಕೊಡಲು ನಾನು ದಾರ ಹುಡುಕುವಷ್ಟರಲ್ಲಿ ಕಾಕಾ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟುಕೊಂಡಿದ್ದರು. ಇದ್ದಿಲಿನ ಚಿತ್ರ, ಫಿಕ್ಸ್ ಕೂಡ ಮಾಡಿರಲಿಲ್ಲ. ಸಂಜೆಯೊಳಗೆ ಕಿಸೆಯ ಒಳಗೆಲ್ಲ ಕಪ್ಪಾಗಿರಬೇಕು.

ಹಾಗಾಗಿ ನನ್ನ ಹತ್ತಿರ ಉಳಿದಿರುವುದು ಮೂರು ದಿನ ಕೂತು ಬರೆದ ಹೊಟ್ಟಿನ ಚೀಲದ ಚಿತ್ರ. ಹೊರಗೆ ಮೇಜಿನ ಮೇಲೆ, ಗಾಜಿನ ಕೆಳಗೆ ಇಟ್ಟಿದ್ದಾರೆ. ಗಂಟಲ ಕುಳಿಯಿಂದ ಇಳಿದ ಕೆಂಪು ಗೆರೆ ಆಮೇಲೆ ಮಾಸ್ತರರು ಎಳೆದದ್ದು. ಚಹಾಕ್ಕೆ ಹೋಗುವಾಗ ನೋಡಿ ಹೋಗಿ. ಎಡಗಾಲು ನೋಡಿ.